ಮುಂಬಯಿಯಲ್ಲಿ ಸ್ವಂತದ್ದೊಂದು ಪುಟ

ಮುಂಬಯಿಯಲ್ಲಿ ಮನೆ ಅಂದರೆ ಮೂರು ಥರ. ಒಂದು ಪಗಡಿಯದು. ಇಡುಗಂಟು ಕೊಟ್ಟು ಒಳಗೆ ಸೇರಿಕೊಂಡರೆ ಬಾಡಿಗೆ ನಾಮಕಾವಾಸ್ತೆ, ಆದರೆ ಗೋಡೆ ಮಾತ್ರ ಯಾವತ್ತಿಗೂ ಬೇರೆಯವರದು. ಇನ್ನೊಂದು ಹನ್ನೊಂದು ತಿಂಗಳ ಕರಾರಿನದು. ಹನ್ನೆರಡನೆಯ ತಿಂಗಳು ಬರುವುದರೊಳಗೆ ಪಾತ್ರೆ ಪಡಗ ಕಟ್ಟಿಕೊಂಡು ಟೆಂಪೋ ಹತ್ತಲು ತಯಾರಾಗಿರಬೇಕು. ಮೂರನೆಯದು ಸ್ವಂತದ್ದು. ಅದು ಎಷ್ಟೇ ದೂರವಿರಲಿ, ಎಷ್ಟೇ ಚಿಕ್ಕದಿರಲಿ, ಬಾಗಿಲ ಮೇಲೆ ನಮ್ಮ ಹೆಸರಿರುತ್ತದೆ. ಊರಿನಲ್ಲಿ ಅಜ್ಜ ಕಟ್ಟಿಸಿದ ಮನೆಯಲ್ಲಿ ಇರುವವರಿಗೆ ಈ ಲೆಕ್ಕಾಚಾರ ವಿಚಿತ್ರ ಅನ್ನಿಸಬಹುದು. ಇಲ್ಲಿಯವರಿಗೆ ಅದು ದಿನದ ಮಾತು.

ಬರವಣಿಗೆಗೂ ಮನೆ ಬೇಕು ಅನ್ನುವುದು ಮುಂಬಯಿ ಕನ್ನಡಿಗರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಮಾಟುಂಗದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. ಹಗಲು ಹೊಟೇಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಮುಂದೆ ಸಂಘ ಕಟ್ಟಿದರು, ಪತ್ರಿಕೆ ತಂದರು. ಕೈಯಿಂದ ದುಡ್ಡು ಹಾಕಿ, ಜಾಹೀರಾತಿಗೆ ಹೊಟೇಲು ಹೊಟೇಲು ಅಲೆದು, ಮೊಳೆ ಜೋಡಿಸಿ ಅಚ್ಚು ಹಾಕಿಸಿದರು. ಬೆಂಗಳೂರಿನ ಪತ್ರಿಕೆಗೆ ಕಳಿಸಿದ್ದು ಪ್ರಕಟವಾಗುತ್ತದೋ ಇಲ್ಲವೋ ಅಂತ ಕಾಯುವುದಕ್ಕಿಂತ ನಮ್ಮದೇ ಆದ ನಾಲ್ಕು ಪುಟ ಇರಲಿ ಅನ್ನುವ ಹಟ ಅದು. ನಾನು ಈಗ ಹೇಳಹೊರಟಿರುವುದು ಅದೇ ಹಟದ ಮುಂದಿನ ಕಥೆ. ಮೊಳೆ ಹೋಗಿ ಕಂಪ್ಯೂಟರು ಬಂದ ಮೇಲಿನದು. ಸ್ವಂತ ಜಾಗದಲ್ಲಿ ಬ್ಲಾಗು ಇಟ್ಟುಕೊಳ್ಳಲು ಬೇಕಾದ ಸಣ್ಣಪುಟ್ಟ ಮುಕ್ತ ತಂತ್ರಾಂಶಗಳ ಚರಿತ್ರೆ.

ಅಂತರಜಾಲದ ಕನ್ನಡಕ್ಕೂ ಮುಂಬಯಿಗೂ ಇರುವ ನಂಟು ಬಹಳ ಜನಕ್ಕೆ ಗೊತ್ತಿಲ್ಲ. ಅಂತರಜಾಲದ ಮೊದಲ ಕನ್ನಡ ಪತ್ರಿಕೆ 'ವಿಶ್ವಕನ್ನಡ' 1996ರಲ್ಲಿ ಶುರುವಾದಾಗ, ಅದರ ರೂವಾರಿ ಡಾ. ಯು.ಬಿ. ಪವನಜ ಅವರು ಇಲ್ಲಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. ಆಗ ಕನ್ನಡ ಓದುವುದು ಸುಲಭದ ಮಾತಾಗಿರಲಿಲ್ಲ. ಒಂದೊಂದು ತಾಣಕ್ಕೆ ಒಂದೊಂದು ಅಕ್ಷರಶೈಲಿ. ಅದನ್ನು ಇಳಿಸಿಕೊಳ್ಳದಿದ್ದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1998ರಲ್ಲಿ 'ಬರಹ' ಬಂತು, ಆಮೇಲೆ 'ನುಡಿ' ಬಂತು. ಕನ್ನಡ ಕುಟ್ಟುವುದು ಸಲೀಸಾಯಿತು. ಆದರೆ ಒಂದರಲ್ಲಿ ಕುಟ್ಟಿದ್ದು ಇನ್ನೊಂದರಲ್ಲಿ ಕಾಣಬೇಕಾದರೆ ಪರಿವರ್ತಿಸುವ ಕಷ್ಟ ತಪ್ಪಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು ಅನ್ನುವುದು ನಿಜ. ಅದು ಮನೆಯ ಕಂಪ್ಯೂಟರಿಗೆ ಇಳಿಯಲು ಹತ್ತು ವರ್ಷ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅಕ್ಷರಶೈಲಿ ಇತ್ತು. ಆದರೂ ಮೂಲ ಸೀಡಿ ಹಾಕಿ ಒಂದು ಗುರುತು ಹಾಕಿಕೊಂಡರೆ ಮಾತ್ರ ಒತ್ತಕ್ಷರಗಳು ಸರಿಯಾಗಿ ಕೂರುತ್ತಿದ್ದವು. ಸೈಬರ್ ಕೆಫೆಯವನ ಹತ್ತಿರ ಆ ಸೀಡಿ ಇರಬೇಕಲ್ಲ! ಚೌಕ ಚೌಕ ಡಬ್ಬಿಗಳನ್ನೇ ನೋಡಿ ನಾವು ಎದ್ದು ಬಂದದ್ದುಂಟು.

ಇದೇ ಹೊತ್ತಿನಲ್ಲಿ ಬೇರೆ ಕಡೆ ಇನ್ನೊಂದು ಕೆಲಸ ನಡೆದಿತ್ತು. 1997ರ ಡಿಸೆಂಬರಿನಲ್ಲಿ ಅಮೆರಿಕದ ಯೋರ್ನ್ ಬಾರ್ಗರ್ ತನ್ನ ಪುಟವನ್ನು 'ವೆಬ್‌ಲಾಗ್' ಎಂದು ಕರೆದುಕೊಂಡ. ಅದೇ ಕುಗ್ಗಿ ಬ್ಲಾಗ್ ಆಯಿತು. 1999ರಲ್ಲಿ 'ಬ್ಲಾಗರ್' ಎಂಬ ಸೇವೆ ಶುರುವಾಯಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಪುಕ್ಕಟೆ, ಸಲೀಸು. ಹೆಸರು ಕೊಡು, ಬರಿ, ಪ್ರಕಟಿಸು, ಮುಗಿಯಿತು. ಕನ್ನಡದ ಬಹುಪಾಲು ಬ್ಲಾಗುಗಳು ಹುಟ್ಟಿದ್ದು ಇಂಥ ಪುಕ್ಕಟೆ ಜಾಗಗಳಲ್ಲೇ. ಅದನ್ನು ಹಗುರವಾಗಿ ಕಾಣಬಾರದು. ದೆಹಲಿ, ಪುಣೆ, ಹೈದರಾಬಾದಿನಲ್ಲಿ ಕೂತು, ಆಫೀಸಿನ ಊಟದ ಬಿಡುವಿನಲ್ಲಿ ಊರಿನ ಹೊಳೆ, ಅಮ್ಮನ ಅಡುಗೆ, ಅಜ್ಜಿಯ ಬೈಗುಳ ನೆನೆಸಿಕೊಂಡು ಬರೆದವರಿಗೆ ಸಂಪಾದಕರ ಹಂಗಿಲ್ಲದ ಜಗಲಿ ಸಿಕ್ಕಿತು.

ಆದರೆ ಜಗಲಿ ಯಾರದು?

ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದರು. ಹನ್ನೆರಡನೇ ವಯಸ್ಸಿಗೆ ಓಡಿಬಂದು, ಕೋಟೆ ಭಾಗದ ಕ್ಯಾಂಟೀನೊಂದರಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ ಮಾಡಿದವರು. ಆ ಕಾಲದ ನೆನಪುಗಳನ್ನೆಲ್ಲ ಲೆಕ್ಕದ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. 2005ರಲ್ಲಿ ನಾನು ಅವನ್ನು ಒಂದೊಂದಾಗಿ ಕುಟ್ಟಿ ಒಂದು ಪುಕ್ಕಟೆ ತಾಣಕ್ಕೆ ಏರಿಸತೊಡಗಿದೆ. ಮೊದಲ ದಿನ ಪರದೆಯ ಮೇಲೆ ತಮ್ಮ ಬರಹ ನೋಡಿದವರು ಹಿಗ್ಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಚಂದ ಉಂಟು ಮಾರಾಯ. ಇದು ಯಾರ ಹೆಸರಲ್ಲಿ ಉಂಟು?"

"ನಿಮ್ಮ ಹೆಸರಲ್ಲೇ ಮಾವ. ನೋಡಿ, ಮೇಲೆ ಬರೆದಿದೆ."

"ಅದು ಬೋರ್ಡು. ನಾನು ಕೇಳಿದ್ದು ಖೋಲಿ ಯಾರದ್ದು ಅಂತ. ನಾಳೆ ಅವ ಖಾಲಿ ಮಾಡು ಅಂದ್ರೆ?"

ಅವರು ಇಪ್ಪತ್ತು ವರ್ಷ ಪಗಡಿಯ ಖೋಲಿಯಲ್ಲಿ ಇದ್ದವರು. ಅಂಥವರಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಉತ್ತರ ವರ್ಷದೊಳಗೆ ಸಿಕ್ಕಿತು. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ ಹನ್ನೊಂದು ನಿಮಿಷಗಳಲ್ಲಿ ಏಳು ಬಾಂಬುಗಳು ಸಿಡಿದವು. ನೂರೆಂಬತ್ತಕ್ಕೂ ಹೆಚ್ಚು ಜನ ಸತ್ತರು. ಫೋನುಗಳು ಸಿಗದ ಆ ಹೊತ್ತಿನಲ್ಲಿ ಯಾವ ಆಸ್ಪತ್ರೆಯಲ್ಲಿ ಯಾರಿದ್ದಾರೆ, ಎಲ್ಲಿ ರಕ್ತ ಬೇಕು ಎಂದು ಬ್ಲಾಗುಗಳಲ್ಲಿ ಬರೆದು ಜನ ಒಬ್ಬರಿಗೊಬ್ಬರು ನೆರವಾದರು. ಎರಡು ದಿನಗಳ ಅನಂತರ, ಜುಲೈ 13ರಂದು, ಕೆಲವು ವಿಳಾಸಗಳನ್ನು ತಡೆಹಿಡಿಯುವಂತೆ ಸರ್ಕಾರದಿಂದ ಅಂತರಜಾಲ ಸಂಪರ್ಕ ಕೊಡುವವರಿಗೆ ಆದೇಶ ಹೋಯಿತು. ಪಟ್ಟಿಯಲ್ಲಿದ್ದದ್ದು ಎರಡು ಡಜನ್ನಿಗೂ ಕಡಿಮೆ ವಿಳಾಸಗಳು. ಆದರೆ ಸಂಪರ್ಕ ಕೊಡುವವರಲ್ಲಿ ಬಹಳಷ್ಟು ಮಂದಿ ಒಂದು ಖೋಲಿಗೆ ಬೀಗ ಹಾಕುವ ಬದಲು ಇಡೀ ಚಾಳಿಗೇ ಬೀಗ ಜಡಿದರು. ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್‌ನಂಥ ತಾಣಗಳ ಸಾವಿರಾರು ಪುಟಗಳು ಭಾರತದಲ್ಲಿ ಒಮ್ಮೆಲೇ ಕಾಣದಾದವು. ನೆರವಿನ ಮಾಹಿತಿ ಇದ್ದ ಪುಟಗಳೂ ಅದರಲ್ಲಿ ಸೇರಿಹೋದವು. ಅದೇ ವರ್ಷದ ಆರಂಭದಲ್ಲಿ ಪಾಕಿಸ್ತಾನದಲ್ಲೂ ಇಂಥದ್ದೇ ತಡೆ ಬಿದ್ದಿತ್ತು. ಅದನ್ನು ದಾಟಲು ಅಲ್ಲಿಯವರು ಮಾಡಿಕೊಂಡಿದ್ದ ಅಡ್ಡದಾರಿಯ ತಾಣವನ್ನೇ ಭಾರತದ ಬ್ಲಾಗಿಗರು ಬಳಸಿ ತಮ್ಮ ಪುಟ ತಾವು ನೋಡಿಕೊಂಡರು!

ನಮ್ಮ ಹಿರಿಯರ ನೆನಪುಗಳೂ ಆ ವಾರ ಬೀಗದ ಹಿಂದೆ. ದುಬೈಯಲ್ಲಿದ್ದ ಮಗಳಿಗೆ ಕಾಣುತ್ತದೆ, ಡೊಂಬಿವಲಿಯಲ್ಲಿ ಕೂತ ಬರೆದವರಿಗೆ ಕಾಣುವುದಿಲ್ಲ. ಸುಮಾರು ಒಂದು ವಾರಕ್ಕೆ ಬೀಗ ತೆಗೆದರು ಅನ್ನಿ. ಆದರೆ ಅವರು ಮಾತ್ರ ಪಟ್ಟು ಬಿಡಲಿಲ್ಲ. "ಒಂದು ಸ್ವಂತದ್ದು ನೋಡು. ಸಣ್ಣದಾದ್ರೂ ಅಡ್ಡಿಲ್ಲ."

ಸಣ್ಣದು, ಸ್ವಂತದ್ದು. ಇವೆರಡನ್ನೂ ಒಟ್ಟಿಗೆ ಕೊಡುವ ತಂತ್ರಾಂಶಗಳ ಕಥೆಗೆ ಈಗ ಬರೋಣ.

2001ರಲ್ಲಿ ಬಂದ 'ಮೂವಬಲ್ ಟೈಪ್' ಆಗಿನ ರಾಜ. ಬೆನ್ ಟ್ರಾಟ್ ಮತ್ತು ಮೇನಾ ಟ್ರಾಟ್ ಎಂಬ ಅಮೆರಿಕದ ಗಂಡಹೆಂಡಿರು ಪರ್ಲ್ ಭಾಷೆಯಲ್ಲಿ ಬರೆದದ್ದು. ಅದೇ ವರ್ಷ ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಮಿಷೆಲ್ ವಾಲ್ದ್ರಿಗಿ ಎಂಬಾತ ಪಿಎಚ್‌ಪಿ ಭಾಷೆಯಲ್ಲಿ 'ಬಿ2' ಎಂಬ ಚಿಕ್ಕ ತಂತ್ರಾಂಶ ಬರೆದ. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ. ಬಿ2 ಇದ್ದದ್ದು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಈ ಪರವಾನಗಿಯ ಸಾರ ಇಷ್ಟೇ: ಬಳಸು, ಬಿಚ್ಚಿ ನೋಡು, ತಿದ್ದು, ಹಂಚು. ಹಂಚುವಾಗ ಇದೇ ಹಕ್ಕನ್ನು ಮುಂದಿನವರಿಗೂ ಕೊಡು.

ಇದನ್ನು ಹಿರಿಯರಿಗೆ ವಿವರಿಸಲು ನನಗೆ ಸಿಕ್ಕ ಉಪಮೆ ಹೆಪ್ಪು. ಚಾಳಿನಲ್ಲಿ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಲಿಗೆ ಹಾಕುತ್ತೇವೆ. ಬೆಳಗ್ಗೆ ಮೊಸರು ನಮ್ಮದು. ನಾಳೆ ಆ ಪಕ್ಕದ ಮನೆಯವರು ಖೋಲಿ ಬಿಟ್ಟು ಹೋದರೂ ನಮ್ಮ ಮೊಸರು ನಿಲ್ಲುವುದಿಲ್ಲ. ಅದರಿಂದಲೇ ಇನ್ನು ಹತ್ತು ಮನೆಗೆ ಹೆಪ್ಪು ಕೊಡಬಹುದು.

ಬಿ2ರ ವಿಷಯದಲ್ಲಿ ಅಕ್ಷರಶಃ ಹೀಗೇ ಆಯಿತು. 2002ರ ಕೊನೆಯ ಹೊತ್ತಿಗೆ ವಾಲ್ದ್ರಿಗಿ ಸುದ್ದಿಯೇ ಇಲ್ಲದಂತಾದ. ತಂತ್ರಾಂಶ ತಬ್ಬಲಿ. 2003ರ ಜನವರಿ 24ರಂದು ಅಮೆರಿಕದ ಹ್ಯೂಸ್ಟನ್ನಿನ ಮ್ಯಾಟ್ ಮುಲೆನ್‌ವೆಗ್ ಎಂಬ ಹತ್ತೊಂಬತ್ತರ ಹುಡುಗ ತನ್ನ ಬ್ಲಾಗಿನಲ್ಲಿ, ಇದನ್ನು ಮುಂದುವರಿಸಲು ಪರವಾನಗಿ ಬಿಡುತ್ತದೆ, ಮಾಡಿದರೆ ಹೇಗೆ ಎಂದು ಬರೆದ. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಮೈಕ್ ಲಿಟಲ್ ನಾನೂ ಕೈಜೋಡಿಸುತ್ತೇನೆ ಎಂದ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅದೇ ವರ್ಷ ಮೇ 27ರಂದು ಅವರ ಮೊದಲ ಆವೃತ್ತಿ, 0.7, ಹೊರಬಂತು. ಮುಲೆನ್‌ವೆಗ್‌ನ ಗೆಳತಿ ಕ್ರಿಸ್ಟೀನ್ ಸೆಲೆಕ್ ಟ್ರೆಮುಲೆ ಅದಕ್ಕೆ ಸೂಚಿಸಿದ ಹೆಸರು 'ವರ್ಡ್‌ಪ್ರೆಸ್'. ಮತ್ತೆ ಕಾಣಿಸಿಕೊಂಡ ವಾಲ್ದ್ರಿಗಿ ಇದೇ ನನ್ನ ಬಿ2ರ ಉತ್ತರಾಧಿಕಾರಿ ಎಂದು ಒಪ್ಪಿದ. ಹೆಪ್ಪು ಕೊಟ್ಟವರೇ ಬಂದು ಮೊಸರು ಚೆನ್ನಾಗಿದೆ ಅಂದ ಹಾಗೆ.

ಮರು ವರ್ಷ, 2004ರ ಮೇ ತಿಂಗಳಲ್ಲಿ, ಮೂವಬಲ್ ಟೈಪ್ 3.0 ಹೊಸ ಕರಾರಿನೊಂದಿಗೆ ಬಂತು. ಪುಕ್ಕಟೆ ಬೇಕಾದರೆ ಒಬ್ಬ ಲೇಖಕ, ಮೂರು ಬ್ಲಾಗು. ಅದಕ್ಕಿಂತ ಹೆಚ್ಚಾದರೆ ದುಡ್ಡು. ದುಡ್ಡು ಕೇಳಿದ್ದು ತಪ್ಪಲ್ಲ, ಅವರೂ ಹೊಟ್ಟೆ ಹೊರೆಯಬೇಕು. ಆದರೆ ಇಷ್ಟು ವರ್ಷ ಸ್ವಂತದ್ದು ಅಂದುಕೊಂಡಿದ್ದ ಮನೆ ಕರಾರಿನದು ಅಂತ ಗೊತ್ತಾದಾಗ ಜನ ಕಂಗಾಲಾದರು. ಗುಂಪು ಗುಂಪಾಗಿ ವರ್ಡ್‌ಪ್ರೆಸ್ಸಿಗೆ ವಲಸೆ ಬಂದರು. ಐದೇ ನಿಮಿಷದಲ್ಲಿ ಸ್ಥಾಪಿಸಬಹುದು ಅನ್ನುವುದು ಅದರ ದೊಡ್ಡ ಆಕರ್ಷಣೆ. ಅದೇ ಹೆಪ್ಪು ಬೆಳೆಯುತ್ತ ಬೆಳೆಯುತ್ತ 2021ರ ಹೊತ್ತಿಗೆ ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತನ್ನು ದಾಟಿತು. ಕನ್ನಡದಲ್ಲೂ ಇಂಥ ಸ್ವಂತದ ಪ್ರಯತ್ನಗಳು ನಡೆದವು. 2005ರಲ್ಲಿ ಹರಿಪ್ರಸಾದ್ ನಾಡಿಗರು ಶುರುಮಾಡಿದ 'ಸಂಪದ' ನಿಂತದ್ದು ಬೆಲ್ಜಿಯಮ್ಮಿನ ಡ್ರೀಸ್ ಬೈಟಾರ್ಟ್ ಹುಟ್ಟುಹಾಕಿದ ಇನ್ನೊಂದು ಮುಕ್ತ ತಂತ್ರಾಂಶವಾದ ದ್ರುಪಲ್ ಮೇಲೆ. ನೂರಾರು ಕನ್ನಡಿಗರು ಒಂದೇ ಸೂರಿನಡಿ ಬರೆದರು.

ನಾವು ನಾಲ್ಕು ಜನ ಸ್ನೇಹಿತರು ಚಂದಾ ಎತ್ತಿ ಒಂದು ವಿಳಾಸ ಕೊಂಡೆವು. ಡಾಟ್ ಇನ್ ವಿಳಾಸಗಳು 2005ರಿಂದ ಎಲ್ಲರಿಗೂ ಸಿಗತೊಡಗಿದ್ದವು. ಯಾರದೋ ಸರ್ವರಿನಲ್ಲಿ ಮೂಲೆಯಷ್ಟು ಜಾಗ ಹಿಡಿದು ವರ್ಡ್‌ಪ್ರೆಸ್ ಹಾಕಿದೆವು. ಹಿರಿಯರು ತೃಪ್ತರಾದರು. ರಸೀದಿ ಮುದ್ರಿಸಿ ಕೊಡು ಅಂದರು, ದೇವರ ಪಟದ ಹಿಂದೆ ಇಟ್ಟುಕೊಂಡರು.

ಸ್ವಂತ ಮನೆಯಾದ ಮೇಲೆ ಸೋರುವುದೂ ನಮ್ಮದೇ, ಬೀಗವೂ ನಮ್ಮದೇ. ಪ್ರತಿಕ್ರಿಯೆ ಬರೆಯುವ ಜಾಗದಲ್ಲಿ ಔಷಧಿ ಮಾರುವವರ ಕಸ ರಾತ್ರೋರಾತ್ರಿ ತುಂಬುತ್ತಿತ್ತು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳದಿದ್ದರೆ ಕನ್ನ ಹಾಕುವವರ ಭಯ. ಎಲ್ಲಕ್ಕಿಂತ ದೊಡ್ಡ ತೊಂದರೆ ಎದುರಾದದ್ದು 2008ರಲ್ಲಿ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಮನೆ ಬದಲಿಸಿದಾಗ. ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಕನ್ನಡವೇ ಇಲ್ಲ. ಪುಟದ ತುಂಬ ತಲೆಯ ಮೇಲೆ ಗೀಟಿರುವ 'ಎ' ಅಕ್ಷರ, ಪಕ್ಕದಲ್ಲಿ ಪುಟ್ಟದೊಂದು 2 ಅಥವಾ 3, ಮತ್ತೊಂದು ಚಿಹ್ನೆ. ಸಾಲು ಸಾಲು ಹಾಗೆಯೇ.

ಇದರ ಕಾರಣ ಸ್ವಾರಸ್ಯದ್ದು, ಹೇಳಿಬಿಡುತ್ತೇನೆ. ವರ್ಡ್‌ಪ್ರೆಸ್ ತನ್ನ ಬರಹವನ್ನೆಲ್ಲ ಮೈಸೀಕ್ವೆಲ್ ಎಂಬ ದತ್ತಸಂಚಯದಲ್ಲಿ ಇಡುತ್ತದೆ. ಅದು ಸ್ವೀಡನ್ನಿನಲ್ಲಿ ಹುಟ್ಟಿದ್ದು. ಬೇರೆ ಏನೂ ಹೇಳದಿದ್ದರೆ ಅದು ಎಲ್ಲವನ್ನೂ ಯುರೋಪಿನ ಅಕ್ಷರ ಅಂದುಕೊಳ್ಳುತ್ತಿತ್ತು, ಅಕಾರಾದಿ ಹಚ್ಚುವುದೂ ಸ್ವೀಡಿಷ್ ಕ್ರಮದಲ್ಲಿ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ನಮ್ಮ ಒಂದು 'ಕ' ಅಕ್ಷರಕ್ಕೆ ಮೂರು ಬೈಟು ಬೇಕು. ದತ್ತಸಂಚಯ ಅದನ್ನು ಮೂರು ಬೇರೆ ಬೇರೆ ಯುರೋಪಿಯನ್ ಅಕ್ಷರ ಎಂದೇ ತಿಳಿದು ಇಟ್ಟುಕೊಂಡಿತ್ತು. ಇಟ್ಟದ್ದನ್ನು ಹಾಗೇ ಹಿಂದಕ್ಕೆ ಕೊಡುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಪುಟದಲ್ಲಿ ಕನ್ನಡವೇ ಕಾಣುತ್ತದೆ. ಮನೆ ಬದಲಿಸುವಾಗ ಮಾತ್ರ ಬಯಲು. ನಮ್ಮ ಹಿರಿಯರ ರಾತ್ರಿ ಶಾಲೆಯ ನೆನಪುಗಳು ಅಲ್ಲಿಯವರೆಗೂ ಸ್ವೀಡಿಷ್ ವೇಷದಲ್ಲಿ ಕೂತಿದ್ದವು! ವರ್ಡ್‌ಪ್ರೆಸ್ ಸ್ಥಾಪಿಸುವಾಗಲೇ ಇದು ಯುಟಿಎಫ್-8 ಎಂದು ಹೇಳುವ ಅನುಕೂಲ ಬಂದದ್ದು 2007ರ ಆವೃತ್ತಿ 2.2ರಲ್ಲಿ. ಮೈಸೀಕ್ವೆಲ್ ತಾನಾಗಿಯೇ ಯೂನಿಕೋಡನ್ನು ಮೂಲ ಕ್ರಮವಾಗಿ ಒಪ್ಪಿಕೊಂಡದ್ದು 2018ರಲ್ಲಿ, ಆವೃತ್ತಿ 8.0ರಲ್ಲಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ತೊಂದರೆ ಅಂತಲೇ ಗೊತ್ತಾಗಿರಲಿಲ್ಲ, ಏಕೆಂದರೆ ಅವರ ಅಕ್ಷರಗಳು ಎಲ್ಲಿಟ್ಟರೂ ಹಾಗೇ ಇರುತ್ತವೆ. ಪರಭಾಷೆಯ ಮನೆಯಲ್ಲಿ ಬಾಡಿಗೆಗಿರುವ ಕಷ್ಟ ಅಕ್ಷರಗಳಿಗೂ ಉಂಟು ಅಂತ ಅವತ್ತು ಗೊತ್ತಾಯಿತು.

ಬೈಟುಗಳು ಹಾಗೇ ಇದ್ದದ್ದರಿಂದ ಅವನ್ನು ಸರಿಯಾದ ಹೆಸರಿನಲ್ಲಿ ಮತ್ತೆ ಓದಿಸಿ ಕನ್ನಡಕ್ಕೆ ತಂದೆವು. ಎರಡು ಭಾನುವಾರ ಹಿಡಿಯಿತು. ಆಮೇಲೆ ನನ್ನ ಮನಸ್ಸು ಇನ್ನೂ ಹಗುರವಾದದ್ದರ ಕಡೆ ತಿರುಗಿತು. ಬರೀ ಬರಹವನ್ನು ಇಡಲು ದತ್ತಸಂಚಯವಾದರೂ ಏಕೆ?

ಈ ಪ್ರಶ್ನೆಯನ್ನು ಕೇಳಿಕೊಂಡವನು ರೇಲ್ ಡಾರ್ನ್‌ಫೆಸ್ಟ್. ಅವನು ಬರೆದ 'ಬ್ಲಾಸಮ್' ಪರ್ಲ್ ಭಾಷೆಯ ಒಂದೇ ಒಂದು ಕಡತ, ಕೆಲವೇ ನೂರು ಸಾಲು. ಒಂದು ಬರಹಕ್ಕೆ ಒಂದು ಸಾದಾ ಪಠ್ಯದ ಕಡತ. ಮೊದಲ ಸಾಲು ಶೀರ್ಷಿಕೆ, ಉಳಿದದ್ದು ಬರಹ. ಕಡತ ಯಾವತ್ತು ಉಳಿಸಿದ್ದೋ ಅದೇ ಬರಹದ ತಾರೀಕು. ಅದರ ಚೆಲುವೂ ಅಲ್ಲೇ, ತೊಡಕೂ ಅಲ್ಲೇ. ಎಚ್ಚರವಿಲ್ಲದೆ ಕಡತಗಳನ್ನು ಹೊಸ ಸರ್ವರಿಗೆ ನಕಲಿಸಿದರೆ ಹತ್ತು ವರ್ಷದ ಬರಹವೆಲ್ಲ ಇವತ್ತೇ ಬರೆದದ್ದಾಗುತ್ತಿತ್ತು! ಮುಂದೆ 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ 'ಜೆಕಿಲ್' ಬರೆದ. ಅದರಲ್ಲಿ ತಾರೀಕು ಕಡತದ ಹೆಸರಿನಲ್ಲೇ ಇರುತ್ತದೆ. ಸಾದಾ ಪಠ್ಯದ ಕಡತಗಳಿಂದ ಪುಟಗಳನ್ನೆಲ್ಲ ಮನೆಯ ಕಂಪ್ಯೂಟರಿನಲ್ಲೇ ತಯಾರಿಸಿ, ಸಿದ್ಧ ಪುಟಗಳನ್ನು ಮಾತ್ರ ಸರ್ವರಿಗೆ ಏರಿಸುವುದು. ಬೆಳಗ್ಗೆಯೇ ಇಡ್ಲಿ ಬೇಯಿಸಿ ಡಬ್ಬಿಗೆ ತುಂಬಿ ಕಳಿಸಿದ ಹಾಗೆ. ಗಿರಾಕಿ ಬಂದಾಗ ಒಲೆ ಹಚ್ಚುವ ಕೆಲಸವಿಲ್ಲ, ಒಲೆಯೇ ಇಲ್ಲದ ಮೇಲೆ ಬೆಂಕಿಯ ಭಯವೂ ಕಡಿಮೆ. 2013ರ 'ಹ್ಯೂಗೋ' ಇದೇ ಜಾತಿಯದು, ಬಹಳ ವೇಗದ್ದು. 2018ರಲ್ಲಿ ಬಂದ 'ರೈಟ್‌ಫ್ರೀಲಿ' ಬೇರೆ ದಾರಿಯದು. ಬರೆಯಲು ಒಂದು ಖಾಲಿ ಹಾಳೆ, ಹೆಚ್ಚಿನ ಅಲಂಕಾರ ಇಲ್ಲ.

ಹಗುರ ಅಂದರೆ ಬಡತನವಲ್ಲ. ಹಗುರ ಅಂದರೆ ಹೊತ್ತುಕೊಂಡು ಹೋಗಬಹುದಾದದ್ದು. ಬೊಂಬಾಯಿಗೆ ಬಂದವರೆಲ್ಲ ಒಂದು ಕಬ್ಬಿಣದ ಟ್ರಂಕು ತಂದದ್ದು ಏಕೆ? ಯಾವ ಖೋಲಿಗೆ ಹೋದರೂ ಮಂಚದ ಕೆಳಗೆ ಹಿಡಿಸುತ್ತದೆ ಅಂತ.

ಹೊತ್ತೊಯ್ಯಲಾಗದೆ ಕಳೆದುಹೋದದ್ದು ಎಷ್ಟೋ. 2009ರ ಜುಲೈಯಲ್ಲಿ ಯಾಹೂ 360 ಮುಚ್ಚಿತು. ಅದೇ ವರ್ಷದ ಅಕ್ಟೋಬರ್ 26ರಂದು ಜಪಾನಿನದೊಂದು ಬಿಟ್ಟು ಇಡೀ ಜಿಯೋಸಿಟೀಸ್ ಮುಚ್ಚಿತು. ಕೆಲವು ಸ್ವಯಂಸೇವಕರು ಹಗಲಿರುಳು ನಕಲಿಸಿ ಉಳಿಸಿದಷ್ಟು ಉಳಿಯಿತು. 2011ರಲ್ಲಿ ವಿಂಡೋಸ್ ಲೈವ್ ಸ್ಪೇಸಸ್, 2013ರ ಏಪ್ರಿಲಿನಲ್ಲಿ ಪೋಸ್ಟೆರಸ್. ಮುಚ್ಚುವ ಮುನ್ನ ನೋಟೀಸು ಕೊಡುತ್ತಾರೆ, ನಿಜ. ಆ ನೋಟೀಸು ಬರುವುದು ಯಾವತ್ತೋ ಬಿಟ್ಟುಬಿಟ್ಟ ಇ-ಮೇಲ್ ವಿಳಾಸಕ್ಕೆ.

ಹಾಗಂತ ಸ್ವಂತದ್ದು ಶಾಶ್ವತ ಅಂತ ನಾನು ಹೇಳಿದರೆ ಅದು ಸುಳ್ಳಾದೀತು. ಪುಕ್ಕಟೆ ಸೇವೆಯಲ್ಲಿ ಬರೆದವರು ತೀರಿಕೊಂಡರೂ ಪುಟ ಎಷ್ಟೋ ವರ್ಷ ಉಳಿಯಬಹುದು. ಸ್ವಂತ ವಿಳಾಸಕ್ಕೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಕಟ್ಟುವ ಕೈ ನಿಂತ ವರ್ಷವೇ ಮನೆ ಬೇರೆಯವರ ಪಾಲು. ನಮ್ಮ ಹಿರಿಯರು 2014ರಲ್ಲಿ ತೀರಿಕೊಂಡರು. ನಾಲ್ಕು ಜನರಲ್ಲಿ ಒಬ್ಬ ಕೆನಡಾಕ್ಕೆ ಹೋದ, ಒಬ್ಬನಿಗೆ ಆಸಕ್ತಿ ಉಳಿಯಲಿಲ್ಲ. ದೇವರ ಪಟದ ಹಿಂದಿನ ರಸೀದಿಯನ್ನು ಅವರ ಮಗಳು ತೆಗೆದು ತೋರಿಸಿ, "ಅಣ್ಣ, ಇದನ್ನು ಏನು ಮಾಡುವುದು?" ಅಂದಾಗ ಈ ಪ್ರಶ್ನೆಗೆ ತಂತ್ರಾಂಶದಲ್ಲಿ ಉತ್ತರವಿಲ್ಲ ಅನ್ನಿಸಿತು. ಸಂಘ ಕಟ್ಟಿದವರಿಗೆ ಇದು ಗೊತ್ತಿತ್ತು. ಒಬ್ಬ ಹೋದರೆ ಇನ್ನೊಬ್ಬ ಚಂದಾ ಪುಸ್ತಕ ಹಿಡಿಯಬೇಕು. ಮುಕ್ತ ಪರವಾನಗಿ ತಂತ್ರಾಂಶಕ್ಕೆ ವಾರಸುದಾರರನ್ನು ತಂದುಕೊಡಬಲ್ಲದು. ಬರಹಕ್ಕೆ ವಾರಸುದಾರರನ್ನು ನಾವೇ ಹುಡುಕಬೇಕು.

ವಿಳಾಸವನ್ನು ಈಗ ಮಗಳು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾಳೆ. ಬರಹಗಳನ್ನು ಬಿಡಿ ಬಿಡಿ ಪಠ್ಯದ ಕಡತಗಳಾಗಿ ಇಳಿಸಿದ್ದೇವೆ. ಹೆಸರಿನಲ್ಲೇ ತಾರೀಕಿದೆ, ಎಲ್ಲವೂ ಯೂನಿಕೋಡಿನಲ್ಲಿದೆ. ಅರವತ್ತಮೂರು ಕಡತ, ಎಲ್ಲ ಸೇರಿ ಎರಡು ಎಂಬಿಯೂ ಇಲ್ಲ. ಮೊಬೈಲಿನಲ್ಲಿ ತೆಗೆದ ಒಂದು ಮದುವೆ ಫೋಟೋಗಿಂತ ಕಡಿಮೆ. ಒಂದು ಪ್ರತಿ ನನ್ನ ಹತ್ತಿರ, ಒಂದು ದುಬೈಯಲ್ಲಿ, ಒಂದು ಕುಂದಾಪುರದ ಅವರ ತಮ್ಮನ ಮನೆಯಲ್ಲಿ. ಯಾವ ತಂತ್ರಾಂಶವೂ ಇಲ್ಲದೆ, ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ಹೊರನಾಡಿನಲ್ಲಿ ನಿಮ್ಮ ಮಗನೋ, ಅಕ್ಕನೋ, ಗೆಳೆಯನೋ ಎಲ್ಲಾದರೂ ಬರೆಯುತ್ತಿದ್ದರೆ ಅವರ ಹತ್ತಿರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಖೋಲಿ ಯಾರದ್ದೇ ಇರಲಿ, ಟ್ರಂಕು ಊರಿಗೆ ಮುಟ್ಟಬೇಕು.